ನಡೆದು ಬಂದ ಕಕ್ಷಿದಾರ

ಡಂಗುರನ ಸ್ಟ್ರೆಚರ್ ಹತ್ತಿದ ಹೆಣ ಕೂಡ ಎದ್ದು ಕೂತು, ‘ಸ್ವಲ್ಪ ನಿಧಾನಕ್ಕೆ ತಳ್ಳಪ್ಪಾ’ ಅನ್ನುತ್ತಿತ್ತಂತೆ. ಹಾಗೆಂದವನು ಡಂಗುರನೇ, ಹೆಣಗಳು ತಕರಾರು ತೆಗೆದಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವ ಆಸಾಮಿಗೆ ಆ ಹೆಸರು ಬಿದ್ದದ್ದೇ ಬಾಯಿಂದ. ಅವನು ಕೆಮ್ಮಿದರೆ ಮೂರನೇ ಮಹಡಿಯ ಫ್ಯಾನು ನಿಲ್ಲುತ್ತಿತ್ತು. ಇದೂ ಅವನದೇ ಮಾತು.

ವಕೀಲರ ಕಚೇರಿಯ ಹೊಸ್ತಿಲಲ್ಲಿ ಮಾತ್ರ ಆ ಬಾಯಿಗೆ ಬೀಗ.

“ಅಲ್ಲೇ ನಿಲ್ಲೋ ಬೋಳಿಮಗನೇ, ಫಿನಾಯಿಲ್ ನಾತ ಹೊಡೀತೀಯ. ಕುರ್ಚಿ ಇರೋದು ಕಕ್ಷಿದಾರರಿಗೆ.”

“ಆ ಕಕ್ಷಿದಾರರನ್ನ ತಂದೋನು ನಾನೇ ಅಲ್ವಾ ಸ್ವಾಮೀ?”

“ತಂದೋನು ಅಂತ ಇನ್ನೊಂದ್ಸಲ ಅಂದ್ರೆ ನಾಲಿಗೆ ಸೀಳ್ತೀನಿ. ವಕೀಲ ಆದೋನು ಕೇಸು ಹುಡ್ಕೊಂಡು ಹೋಗ್ಬಾರ್ದು, ಆಳು ಕಳಿಸ್ಲೂಬಾರ್ದು. ಕಕ್ಷಿದಾರ ತಾನಾಗೇ ಬರ್ಬೇಕು. ನಾಳೆ ವಕೀಲರ ಪರಿಷತ್ತಿನ ಶಿಸ್ತು ಸಮಿತಿ ಮುಂದೆ ಏನಂತೀಯ?”

“ತಾನಾಗೇ ಬಂದ ಅಂತೀನಿ.”

“ಹೆಂಗೆ?”

“ನಡ್ಕೊಂಡು.”

“ಹಾಂ. ನೆನಪಿಟ್ಕೋ, ಆಸ್ಪತ್ರೆ ಗುತ್ತಿಗೆದಾರನೂ ನನ್ನ ಕಕ್ಷಿದಾರನೇ. ಮಾತು ತಪ್ಪಿದ್ರೆ ನಿನ್ ಸ್ಟ್ರೆಚರ್ ಇನ್ನೊಬ್ಬನ ಕೈಗೆ.”

ಡಂಗುರನ ಜೇಬಲ್ಲಿ ‘ಇವರೇ ನನ್ನ ವಕೀಲರು’ ಎನ್ನುವ ಖಾಲಿ ವಕಾಲತ್ತು ಕಾಗದ, ಸ್ಟ್ರೆಚರಿನ ಹಾಸಿಗೆಯಡಿ ಶಾಯಿಯ ಡಬ್ಬಿ ಸದಾ ಇರುತ್ತಿದ್ದವು. ಬಾಗಿಲಿಂದ ವಾರ್ಡಿಗೆ ಹೋಗುವಷ್ಟರಲ್ಲಿ ಅದರ ಮೇಲೆ ರೋಗಿಯ ಹೆಬ್ಬೆಟ್ಟು ಬಿದ್ದಿರುತ್ತಿತ್ತು. ಒಬ್ಬ ಗಿರಣಿ ಕೂಲಿಯದೂ ಹಾಗೆಯೇ ಬಿದ್ದಿತ್ತು. ಯಂತ್ರ ಎದೆಯನ್ನು ಹಿಂಡಿ ಉಗುಳಿದ್ದ ಆಳು ಮರುದಿನ ಬೆಳಿಗ್ಗೆ ತೀರಿಕೊಂಡ. ವಕೀಲರು ಅದೇ ಕಾಗದ ಹಿಡಿದು ಗಿರಣಿ ಮಾಲೀಕನ ಜೊತೆ ಕೈಕುಲುಕಿದರು; ತಪ್ಪು ಕೂಲಿಯದೇ ಎಂದು ಬರೆದುಕೊಟ್ಟರು. ಕೂಲಿಯ ಹೆಂಡತಿ ವಕೀಲರ ಮೇಲೆ ಸಮಿತಿಗೆ ದೂರು ಹಾಕಿದ್ದಳು. ಆ ವಕಾಲತ್ತು ಸುಳ್ಳು ಎಂದಾದರೆ ಮಾತ್ರ ಅವಳ ಪರಿಹಾರದ ಕೇಸಿಗೆ ಮತ್ತೆ ಜೀವ.

ಸಮಿತಿಯ ಕೋಣೆಯಲ್ಲಿ ಮೂವರು ಹಿರಿಯ ವಕೀಲರು ಕೂತಿದ್ದರು. ಎದುರಿಗೆ ಡಂಗುರನ ವಕೀಲರು ಕಡತ ಮುಂದಿಟ್ಟುಕೊಂಡಿದ್ದರು; ಕೂಲಿಯ ಹೆಂಡತಿ ಗೋಡೆಗೆ ಆತು ನಿಂತಿದ್ದಳು. ಡಂಗುರ ಅವಳತ್ತ ತಿರುಗಲಿಲ್ಲ. ಹಿರಿಯರತ್ತ ಮುಖ ಮಾಡಿ ದನಿ ಏರಿಸಿದ.

“ಬಂದ ಸ್ವಾಮೀ, ಅವತ್ತು ಸಾಯಂಕಾಲ! ಹುಲಿ ಬಂದಂಗೆ ಬಂದ! ನಾನು ಬ್ಯಾಡ ಮಲ್ಕೋ ಅಂದ್ರೂ ಕೇಳ್ಲಿಲ್ಲ. ಚಪ್ಪಲಿ ಚಟಚಟಾಂತ ಸದ್ದು ಮಾಡ್ಕೊಂಡು ರಸ್ತೆ ದಾಟ್ದ, ಹೊಸ್ತಿಲಲ್ಲಿ ಬಿಟ್ಟ, ‘ನೀವೇ ನನ್ ವಕೀಲ್ರು’ ಅಂತ ಕೈ ಮುಗ್ದ. ಈ ಎರಡು ಕಣ್ಣಲ್ಲಿ ನೋಡಿದೀನಿ!”

ವಕೀಲರು ಕೆಮ್ಮಿದರು. ಅಷ್ಟೊಂದು ಬೇಕಿರಲಿಲ್ಲ.

“ಯಾವ ಚಪ್ಪಲಿ ಅಣ್ಣಾ?” ಅಂದಳು ಅವಳು.

“ಅದೇ ತಂಗೀ... ಅವನ್ದೇ.”

“ಎಡಗಾಲಿಂದಕ್ಕೆ ಕೆಂಪು ತಂತಿ ಹಾಕಿ ಹೊಲ್ದಿದ್ದು?”

ಡಂಗುರನ ಕಾಲ್ಬೆರಳುಗಳು ತಾವಾಗಿಯೇ ಮುದುಡಿದವು. ಸ್ಟ್ರೆಚರಿಗೆ ಹಾಕುವಾಗ ರೋಗಿಯ ಚಪ್ಪಲಿ ಬಿಚ್ಚಿ ಸರಳಿಗೆ ಕಟ್ಟುವುದು ರೂಢಿ. ಆಳು ತೀರಿಹೋದರೆ ಚಪ್ಪಲಿ ತಳ್ಳಿದವನಿಗೆ. ಹೋಗುವ ತನಕ ಕಾಯಬೇಕು, ಅಷ್ಟೇ.

“ನಾ ತಂತಿ ಹಾಕಿ ಹೊಲ್ದಿದ್ದಣ್ಣಾ ಅದು. ನಾ ಮಧ್ಯಾಹ್ನ ಓಡಿ ಬಂದಾಗ್ಲೇ ನಿನ್ ಕಾಲಲ್ಲಿತ್ತು. ಅವ್ರಿನ್ನೂ ಉಸಿರಾಡ್ತಿದ್ರು. ಗಂಡನ್ನ ತಳ್ಳೋ ಕೈ, ಎದುರಾಡ್ಬಾರ್ದು ಅಂತ ಬಾಯಿ ಮುಚ್ಕೊಂಡೆ. ಸಾಯಂಕಾಲ ಯಾವ ಚಪ್ಪಲಿ ಚಟಚಟ ಅಂತು, ಹೇಳು.”

ಹಿರಿಯರಲ್ಲೊಬ್ಬರು ಮೇಜಿನ ಮೇಲಿಂದ ಬಾಗಿ ನೋಡಿದರು. ಡಂಗುರನ ಎಡಗಾಲಲ್ಲಿ ಕೆಂಪು ತಂತಿ ಇನ್ನೂ ಹೊಳೆಯುತ್ತಿತ್ತು.

“ಲೇ, ಯೋಚ್ನೆ ಮಾಡಿ ಮಾತಾಡು,” ಅಂದರು ವಕೀಲರು, ಮೆತ್ತಗೆ.

ಡಂಗುರ ಬಗ್ಗಿ ಚಪ್ಪಲಿ ಕಳಚಿದ. ಎರಡನ್ನೂ ತಂದು ವಕೀಲರ ಕಡತದ ಮೇಲೆ, ಆ ಹೆಬ್ಬೆಟ್ಟಿನ ಮೇಲೆಯೇ ಇಟ್ಟ. ಫ್ಯಾನು ನಿಲ್ಲಿಸುವ ದನಿ ಈಗ ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಸಣ್ಣದಾಗಿತ್ತು.

“ಎಲ್ಲೂ ನಡೀಲಿಲ್ಲ ತಂಗೀ ಅವ್ನು. ಇವ್ರು ಕಳಿಸಿದ್ರು, ನಾ ಒತ್ತಿಸ್ಕೊಂಡೆ, ಬಾಗಿಲಿಂದ ವಾರ್ಡಿಗೆ ಹೋಗ್ತಾ. ನೀರು ಕೇಳ್ದ.”

“ಕೊಟ್ಯಾ?”

“ಮೊದ್ಲು ಹೆಬ್ಬೆಟ್ಟು ಕೊಡು ಅಂದೆ.”