ಮೂತಿ ಎತ್ತಿದ ಗಾಡಿ

ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ. ಬಾಡಿಗೆ ಕುರ್ಚಿಗಳೂ ಹೋಗಿದ್ದವು. ಅತ್ತೆ ಸೊಸೆ ಇಬ್ಬರೇ ಕೂತು ಚಹಾ ಕುಡಿದರು. ಸಕ್ಕರೆ ಹಾಕಿಲ್ಲವೆಂದು ಇಬ್ಬರಿಗೂ ಗೊತ್ತಾದದ್ದು ಲೋಟದ ತಳ ಕಂಡ ಮೇಲೆ.

ಹೊರಗೆ ತೀರಿಹೋದ ಮಗನ ಪಿಕಪ್ ಗಾಡಿ ನಿಂತಿತ್ತು. ಅದರ ಹಿಂದೆ ಗೆಳೆಯ ಮೇಸ್ತ್ರಿಯಿಂದ ಎರವಲು ತಂದ ಟ್ರೈಲರ್. ಒಳಗೆ ಮೇಸ್ತ್ರಿಯವೇ ಸೆಂಟ್ರಿಂಗ್ ಶೀಟುಗಳು, ತಾರಸಿಯ ಕಾಂಕ್ರೀಟಿಗೆ ಅಡಿಯಾಗಿ ಹಾಸುವ ಕಬ್ಬಿಣದ ತಗಡುಗಳು. ಹಿತ್ತಲಿನ ಕೋಣೆಗೆ ತಾರಸಿ ಹಾಕಿ ಮುಗಿದಿತ್ತು. ವಾಪಸು ಕೊಡಲು ಹೊರಟವನು ಗಾಡಿ ನಡುಗುತ್ತದೆಂದು ಅರ್ಧ ದಾರಿಯಿಂದ ತಿರುಗಿ ಬಂದಿದ್ದ. ಫೋನಿನಲ್ಲಿ ಗೆಳೆಯರಿಬ್ಬರಿಗೂ ಜಗಳ. ನಿನ್ನ ಟ್ರೈಲರ್ ಚಕ್ರವೇ ಸೊಟ್ಟ ಎಂದು ಇವನು, ನಿನ್ನ ಗಾಡಿಯೇ ಗುಜರಿ ಎಂದು ಅವನು. ಮರುದಿನ ಬೆಳಿಗ್ಗೆ ಇವನು ನಿದ್ದೆಯಿಂದ ಏಳಲೇ ಇಲ್ಲ. ಮಣ್ಣಿನ ದಿನ ಮೇಸ್ತ್ರಿ ಗೇಟಿನ ಹೊರಗೇ ನಿಂತಿದ್ದು, ಹಾಗೇ ಹೋಗಿದ್ದ.

ಅದೊಂದು ಸೊಸೆಯ ಮನಸ್ಸಿನಲ್ಲೇ ಉಳಿದಿತ್ತು. ಟ್ರೈಲರ್ ಹಿಂದಿರುಗಿಸಲೇಬೇಕು. ಅದರ ಜೊತೆ ಜಗಳವನ್ನೂ ಎಳೆದುಕೊಂಡು ಹೋಗುವುದು ಬೇಡವಾಗಿತ್ತು.

"ತಪ್ಪು ಯಾವುದ್ರದ್ದು ಅಂತ ನೋಡ್ಬೇಕು ಅತ್ತೆ."

"ನಡಿ, ನಾನೂ ಬರ್ತೀನಿ. ಇಲ್ಲಿದ್ರೆ ಗೋಡೆ ಮುಖ ನಾನು, ನನ್ನ ಮುಖ ಗೋಡೆ ನೋಡ್ಕೊಂಡು ಕೂರ್ಬೇಕು."

ಗೋದಾಮುಗಳ ಹಿಂದಿನ ರಸ್ತೆ ಖಾಲಿಯಿತ್ತು. ಸೊಸೆ ಗಾಡಿ ಚಾಲೂ ಮಾಡಿದಳು. ಹೊರಡುವಾಗಲೇ ಸೀಟಿನ ಕೆಳಗೆ ಗಡಗಡ ಶುರುವಾಯಿತು. ವೇಗ ಹಿಡಿದ ಮೇಲೆ ತಣ್ಣಗಾಯಿತು; ಅಷ್ಟರಲ್ಲಿ ಅತ್ತೆ ಕೂಗಿಕೊಂಡಿದ್ದರು.

"ನಿಲ್ಸೇ ಮಾರಾಯ್ತಿ! ಕಟ್ಟಿಸಿಕೊಂಡ ಹಲ್ಲು ಕಣೇ ನಂದು!"

ಟ್ರೈಲರ್ ಬಿಚ್ಚಿಟ್ಟು ಬರೀ ಗಾಡಿ ಓಡಿಸಿದಳು. ನಡುಕವಿಲ್ಲ.

"ಹಂಗಾದ್ರೆ ಮೇಸ್ತ್ರಿಯದ್ದೇ ತಪ್ಪು," ಅತ್ತೆ ತೀರ್ಪು ಕೊಟ್ಟರು.

"ತಡೀರಿ."

ಹಗ್ಗ ಬಿಚ್ಚಿ, ಶೀಟುಗಳನ್ನು ಇಬ್ಬರೂ ಒಂದೊಂದಾಗಿ ಹೊತ್ತು ಕೆಳಗಿಳಿಸಿದರು. ಖಾಲಿ ಟ್ರೈಲರ್ ಸಿಕ್ಕಿಸಿ ಮತ್ತೆ ಓಡಿಸಿದಳು. ನಡುಕವಿಲ್ಲ. ಚಕ್ರ ಸೊಟ್ಟಗಿದ್ದರೆ ಖಾಲಿಯಿದ್ದಾಗಲೂ ಕುಣಿಯಬೇಕಿತ್ತಲ್ಲ? ಮತ್ತೆ ಶೀಟುಗಳನ್ನು ಅವನು ಇಟ್ಟಂತೆಯೇ ಟ್ರೈಲರಿನ ಮುಂದಿನ ಹಲಗೆಗೆ ಒತ್ತಿ ಪೇರಿಸಿದರು. ಅತ್ತೆ ಬೆವರು ಒರೆಸಿಕೊಂಡು ಹಿಂದೆ ಸರಿದು ನಿಂತರು.

"ನೋಡೇ, ಗಾಡಿ ಹೆಂಗೆ ಮೂತಿ ಎತ್ಕೊಂಡು ನಿಂತಿದೆ. ನಿನ್ನ ಗಂಡನಿಗೆ ಸಿಟ್ಟು ಬಂದ್ರೆ ಥೇಟ್ ಹಿಂಗೇ."

ಅವಳು ನೋಡಿದಳು. ಭಾರವೆಲ್ಲ ಟ್ರೈಲರ್ ಸಿಕ್ಕಿಸುವ ಕೊಂಡಿಯ ಮೇಲೆ ಬಿದ್ದು ಗಾಡಿಯ ಹಿಂಭಾಗ ಕುಕ್ಕರಗಾಲಲ್ಲಿ ಕೂತಿತ್ತು. ಬಗ್ಗಿ ಇಣುಕಿದಳು. ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟು ತನ್ನ ಕೀಲಿನ ಹತ್ತಿರ ಸಲ್ಲದಷ್ಟು ಬಾಗಿತ್ತು. ಹಾಗೆ ಬಾಗಿಕೊಂಡೇ ಎಳೆಯಬೇಕೆಂದರೆ ಯಾರೇ ಆದರೂ ನಡುಗುತ್ತಾರೆ.

"ಶೀಟು ಪೂರ್ತಿ ಹಿಂದಕ್ಕೆ ತಳ್ಳಿಬಿಡೋಣ್ವಾ?"

"ಬೇಡ ಅತ್ತೆ, ಆಮೇಲೆ ಟ್ರೈಲರ್ ಬಾಲ ಅಲ್ಲಾಡಿಸುತ್ತೆ. ಚಕ್ರಕ್ಕಿಂತ ಒಂಚೂರು ಮುಂದೆ ಸಾಕು."

ಶೀಟುಗಳು ಜಾಗ ಬದಲಿಸಿದವು, ಗಾಡಿ ಮೂತಿ ಇಳಿಸಿತು. ಹಗ್ಗ ಬಿಗಿದು ಹೊರಟರು. ಸದ್ದಿಲ್ಲ. ಅತ್ತೆ ಬಾಯಿಗೆ ಕೈಯಿಟ್ಟು ಹಲ್ಲು ಮುಟ್ಟಿ ನೋಡಿಕೊಂಡರು. ಸೊಸೆಗೆ ನಗು ಬಂತು. ಬಂದದ್ದು ಅವಳಿಗೇ ಆಶ್ಚರ್ಯವಾಯಿತು.

ಮೇಸ್ತ್ರಿ ತನ್ನ ಅಂಗಳದಲ್ಲಿ ಸಲಿಕೆ ತೊಳೆಯುತ್ತಿದ್ದ. ಅವರನ್ನು ಕಂಡು ಎದ್ದು ನಿಂತ.

"ನಾನೇ ಬಂದು ತರ್ತಿದ್ನಲ್ಲಮ್ಮ."

"ನಿಮ್ಮ ಚಕ್ರ ಸರಿ ಇದೆ ಅಣ್ಣ. ನಮ್ಮ ಗಾಡೀನೂ ಸರಿ ಇದೆ. ಶೀಟು ಪೂರ್ತಿ ಮುಂದಕ್ಕಿತ್ತು, ಅಷ್ಟೇ."

"ಮುಂದಕ್ಕಾ? ಅಲ್ಲಿ ಯಾಕೆ ಪೇರಿಸಿದ?"

"ಎರವಲು ಸಾಮಾನು, ಹಿಂದಿನಿಂದ ಜಾರಿ ಬಿದ್ದೀತು ಅಂತ. ಅವರು ಬಿಗಿದಿದ್ದ ಹಗ್ಗ ಬಿಚ್ಚೋಕೆ ನನ್ನ ಉಗುರೇ ಕಿತ್ತುಹೋಯ್ತು."

ಮೇಸ್ತ್ರಿ ಒಂದು ಶೀಟಿನ ಮೇಲೆ ಅಂಗೈ ಬಡಿದ.

"ಕತ್ತೆ ನನ್ಮಗ," ಎಂದವನು ಅತ್ತೆಯನ್ನು ನೋಡಿ ನಾಲಿಗೆ ಕಚ್ಚಿಕೊಂಡ.

"ಬೈಯಪ್ಪ, ಬೈಯಿ," ಎಂದರು ಅತ್ತೆ. "ಬಂದವರೆಲ್ಲ ಅವನನ್ನ ಹೊಗಳಿ ಹೊಗಳಿ, ಯಾರ ಮಗನ ವಿಷಯ ಅಂತಾನೇ ಗೊತ್ತಾಗ್ತಿರಲಿಲ್ಲ. ಈಗ ನನ್ನ ಮಗ ಅನ್ನಿಸ್ತು."

ಮೇಸ್ತ್ರಿ ನಕ್ಕ. ನಗುತ್ತಲೇ ಮುಖ ಆಚೆ ತಿರುಗಿಸಿಕೊಂಡ. ಆಮೇಲೆ ಒಳಗೆ ಬನ್ನಿ ಎಂದು ಕರೆದ.

"ಬಂದೆ," ಎಂದು ಅವಳು ಬಗ್ಗಿ ಕೊಂಡಿ ಬಿಚ್ಚಿದಳು. ಶೀಟುಗಳ ಹಗ್ಗವನ್ನೂ ಬಿಚ್ಚಿ, ಸುತ್ತಿ, ಅವನ ಕೈಗಿಟ್ಟಳು.

"ಇದೂ ನಿಮ್ಮದೇ."