ಎರಡು ಹತ್ತರ ಗುಡ್ಡ

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಗ್ರಾಫಿನ ಗೆರೆ ಮೇಲೆದ್ದಿತು. ರೇಡಿಯೊ ಆಂಟೆನಾ ಶುರುವಾದ ಮಂಗಳವಾರದಿಂದ ದಿನವೂ ಅದೇ ಹೊತ್ತಿಗೆ ಏಳುತ್ತಿತ್ತು.

ಟಿವಿ ರಿಪೇರಿಯವಳು ಸಂತೋಷ ತಡೆಯಲಾರದೆ ಮೇಷ್ಟ್ರಿಗೆ ಫೋನ್ ಮಾಡಿದಳು. ಮೇಷ್ಟ್ರು ನಿವೃತ್ತ ಭೌತಶಾಸ್ತ್ರ ಶಿಕ್ಷಕರು, ಅವಳೂ ಸೇರಿದ್ದ ಹವ್ಯಾಸಿ ಖಗೋಳ ಬಳಗಕ್ಕೆ ಹಿರಿಯರು. ಅವಳ ಅಂಗಡಿ ಇದ್ದ ಬೀದಿಯಲ್ಲಿ ಮೊಬೈಲ್ ಟವರು, ವೆಲ್ಡಿಂಗ್ ಶೆಡ್ಡು ಸೇರಿ ಆಂಟೆನಾದ ಕಿವಿ ಕಿವುಡಾಗುವಷ್ಟು ರೇಡಿಯೊ ಗದ್ದಲ. ಹಾಗಾಗಿ ಮೂವತ್ತು ಕಿಲೋಮೀಟರ್ ಆಚೆ, ಅಕ್ಕನ ಮನೆಯ ತಾರಸಿಯ ಮೂಲೆಯಲ್ಲಿ ಹಳೆಯ ಡಿಶ್ ಒಂದನ್ನು ಆಕಾಶಕ್ಕೆ ಮುಖ ಮಾಡಿ ಬಿಗಿದು, ರಿಸೀವರ್ ಪೆಟ್ಟಿಗೆ ಇಟ್ಟು, ಅಂಗಡಿಯ ಕಂಪ್ಯೂಟರಿನಿಂದಲೇ ನಡೆಸುತ್ತಿದ್ದಳು. ಆಕಾಶಗಂಗೆ ಡಿಶ್ಶಿನ ನೇರಕ್ಕೆ ಬಂದಾಗ ಅದರ ಜಲಜನಕ ಹೊಮ್ಮಿಸುವ ರೇಡಿಯೊ ಅಲೆ ಗೆರೆಯಲ್ಲಿ ಗುಡ್ಡವಾಗಿ ಕಾಣಬೇಕು. ಭಾವ ಗಡುವು ಕೊಟ್ಟಿದ್ದರು: ಮುಂದಿನ ವಾರದ ಭಾನುವಾರದೊಳಗೆ ಮೇಷ್ಟ್ರು ಒಪ್ಪುವಂಥ ಗುಡ್ಡ ಸಿಗದಿದ್ದರೆ ಡಿಶ್ ಕೆಳಗೆ, ಆ ಮೂಲೆಗೆ ನೀರಿನ ಟ್ಯಾಂಕು.

“ನಾಲ್ಕೂ ದಿನ ಎರಡು ಹತ್ತಕ್ಕೇನಾ?” ಮೇಷ್ಟ್ರು ಕೇಳಿದರು.

“ಒಂದು ನಿಮಿಷ ಆಚೀಚೆ ಇಲ್ಲ, ಮೇಷ್ಟ್ರೇ!”

“ಅದೇ ತೊಂದರೆ ಕಣಮ್ಮ. ನಕ್ಷತ್ರ ನಿನ್ನ ಗೋಡೆ ಗಡಿಯಾರ ನೋಡ್ಕೊಂಡು ಬರಲ್ಲ. ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರತ್ತೆ. ಗಡಿಯಾರ ನೋಡ್ಕೊಂಡು ಬರೋರು ಮನುಷ್ಯರು ಮಾತ್ರ.”

ಅವಳ ಮುಖ ಸಪ್ಪಗಾಯಿತು. ಕೂಡಲೇ ಅಕ್ಕನಿಗೆ ಫೋನ್ ಮಾಡಿದಳು.

“ಅಕ್ಕಾ, ಈಗೇನು ಮಾಡ್ತಿದೀಯಾ?”

“ಇನ್ನೇನು? ಊಟ ಮುಗಿಸಿ ಮೆಷಿನ್ ಮುಂದೆ ಕೂತಿದೀನಿ. ಸ್ಕೂಲಿನ ಯೂನಿಫಾರ್ಮ್ ನಲವತ್ತು ಹೊಲಿಯೋದಿದೆ. ಪುಣ್ಯಕ್ಕೆ ಈಗ ಮೋಟಾರ್ ಇದೆ.”

“ಒಂದ್ಸಲ ನಿಲ್ಲಿಸು.” ಪರದೆಯ ಗುಡ್ಡ ಕುಸಿಯಿತು. “ಈಗ ಹಾಕು.” ಎದ್ದು ನಿಂತಿತು.

ಹಿಂದಿನಿಂದ ಭಾವನ ದನಿ ಕೇಳಿಸಿತು: “ಏನಂತೆ ತಟ್ಟೆ ಮೇಡಂಗೆ? ಆಕಾಶಗಂಗೆ ನಮ್ಮನೇಲೇ ಕೂತು ಬಟ್ಟೆ ಹೊಲೀತಿದೆಯಂತಾ?”

ಹೊಲಿಗೆ ನಿಲ್ಲಿಸು ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಅಕ್ಕನೇ ಅಂದಳು: “ಮೋಟಾರಿನ ಬೆಲ್ಟ್ ಬಿಚ್ಚಿಡ್ತೀನಿ ಬಿಡೇ. ಇಪ್ಪತ್ತು ವರ್ಷ ಕಾಲಲ್ಲೇ ತುಳಿದವಳು ನಾನು. ಇನ್ನೊಂದು ವಾರ ತುಳಿದರೆ ಸವೆದೇನೂ ಹೋಗಲ್ಲ.”

ಶನಿವಾರ ಎರಡು ಹತ್ತಕ್ಕೆ ಗೆರೆ ಅಲುಗಲಿಲ್ಲ. ಆಮೇಲೆ ನಿಧಾನವಾಗಿ, ಬೋರಲು ಹಾಕಿದ ಬಟ್ಟಲಿನ ಹಾಗೆ, ತಗ್ಗಾದ ಗುಡ್ಡವೊಂದು ಮೂಡಿತು. ಇಷ್ಟು ದಿನ ಮೋಟಾರಿನ ಗದ್ದಲದಲ್ಲಿ ಅದು ಮುಳುಗಿಹೋಗಿತ್ತು. ಅದರ ತುದಿ ಎರಡು ನಲವತ್ತಕ್ಕೆ. ಒಮ್ಮೆ ಬಾಯಿ ಸುಟ್ಟುಕೊಂಡಿದ್ದಳಲ್ಲ, ಈ ಸಲ ತುಟಿ ಪಿಟಕ್ಕೆನ್ನಲಿಲ್ಲ. ಭಾನುವಾರ ಎರಡು ಮೂವತ್ತಾರು. ಸೋಮವಾರ ಮೂವತ್ತೆರಡು. ಬುಧವಾರ ಎರಡಕ್ಕೆ ಸರಿಯಾಗಿ ಪೆಟ್ಟಿಗೆ ಮುಷ್ಕರ ಹೂಡಿತು. ಅಕ್ಕ ತಾರಸಿಗೆ ಓಡಿ, ಪ್ಲಗ್ ಕಿತ್ತು, ಫೋನಿನಲ್ಲೇ ಏದುಸಿರು ಬಿಡುತ್ತ ಹತ್ತರವರೆಗೆ ಎಣಿಸಿ ಮತ್ತೆ ಸಿಕ್ಕಿಸಿದಳು. ಅಂದೂ ಗುಡ್ಡ ತಪ್ಪಲಿಲ್ಲ.

ಮುಂದಿನ ಶನಿವಾರ ತುದಿ ಬಂದದ್ದು ಎರಡು ಹನ್ನೆರಡಕ್ಕೆ. ಅವಳು ಎಂಟೂ ಗ್ರಾಫುಗಳನ್ನು ಕಳಿಸಿ, ಮೇಷ್ಟ್ರು ಮತ್ತು ಭಾವನನ್ನು ಒಂದೇ ಕರೆಗೆ ಸೇರಿಸಿದಳು.

“ಎರಡು ಹನ್ನೆರಡು!” ಭಾವ ನಕ್ಕರು. “ಮತ್ತೆ ಮೆಷಿನ್ ಹೊತ್ತಿಗೇ ಬಂತಲ್ಲ, ತಟ್ಟೆ ಮೇಡಂ!”

“ಭಾವ, ಮೋಟಾರಿನ ಬೆಲ್ಟ್ ಎಲ್ಲಿದೆ?”

“ಮೊಳೆಗೆ ನೇತಾಡ್ತಿದೆ.”

“ಅಕ್ಕ?”

“ಇಲ್ಲೇ, ಕೈಯಲ್ಲಿ ಗುಂಡಿ ಹಚ್ತಿದಾಳೆ.”

ಮೇಷ್ಟ್ರು ಒಂದೊಂದೇ ಗ್ರಾಫ್ ಓದತೊಡಗಿದರು. “ನಲವತ್ತು... ಮೂವತ್ತಾರು... ಮೂವತ್ತೆರಡು...” ಹನ್ನೆರಡಕ್ಕೆ ಬಂದು ನಿಂತರು.

“ದಿನಕ್ಕೆ ನಾಲ್ಕು ನಿಮಿಷ. ಲೆಕ್ಕಕ್ಕೆ ಲೆಕ್ಕ! ಆಕಾಶಗಂಗೆನೇ ಕಣಮ್ಮ ಇದು!”

ಅವಳು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಬಾಗಿಲಲ್ಲಿ ಕಾಯುತ್ತಿದ್ದ ಗಿರಾಕಿ ಬೆಚ್ಚಿದರು. “ನಮ್ಮ ಟಿವಿ ರೆಡಿ ಆಯ್ತೇನಮ್ಮಾ?”

“ಅದಿನ್ನೂ ಇಲ್ಲ ಸಾರ್. ಆಕಾಶಗಂಗೆ ಮಾತ್ರ ರೆಡಿ!”

ಫೋನಿನಲ್ಲಿ ಅಕ್ಕ ಕೂಗುತ್ತಿದ್ದಳು: “ನಾನು ತುಳಿದದ್ದಕ್ಕೇ ಬಂತು ಅಂತ ಹೇಳೇ ಮೇಷ್ಟ್ರಿಗೆ!”

ಭಾನುವಾರ ಬೆಳಿಗ್ಗೆ ಬಂದ ಗಾರೆ ಕೆಲಸದವನಿಗೆ ಭಾವ ಮೆಟ್ಟಿಲ ಕೋಣೆಯ ಮೇಲ್ಛಾವಣಿ ತೋರಿಸಿದರು. ಟ್ಯಾಂಕನ್ನು ಅಲ್ಲಿ ಕೂರಿಸಲಾಯಿತು. ಅಂದು ಮಧ್ಯಾಹ್ನ ಗುಡ್ಡದ ತುದಿ ಎರಡು ಎಂಟಕ್ಕೆ ಬಂತು.