ಮಲ್ಲಿಯ ಹೆದರಿಕೆ

ಹಾಲು ಕರೆಯುವ ಮೆಷಿನ್ನಿನ ವೈರು ಸವೆದಿದ್ದನ್ನು ಲಕ್ಕಣ್ಣ ಬುಧವಾರವೇ ನೋಡಿದ್ದ. ಟೇಪು ಸುತ್ತಿ, ಭಾನುವಾರ ಬದಲಾಯಿಸಿದರಾಯಿತು ಎಂದುಕೊಂಡ. ಶುಕ್ರವಾರ ಬೆಳಿಗ್ಗೆ ಮೋಟರು ಹಾಕಿ ಮಲ್ಲಿಯ ಕೆಚ್ಚಲಿಗೆ ಕೈಹಾಕಿದ್ದೇ ತಡ, ಕರೆಂಟು ಹೊಡೆದು ಹಸು ಅರಚಿಕೊಂಡು ಒದ್ದೆ ನೆಲಕ್ಕೆ ಕುಸಿಯಿತು. ರಬ್ಬರ್ ಬೂಟು ಹಾಕಿದ್ದರಿಂದ ಅವನು ಬಚಾವಾದ.

ಮಲ್ಲಿ ಬದುಕಿತು. ಆದರೆ ಮೋಟರಿನ ಸದ್ದಿಗೇ ನಡುಗುತ್ತಿತ್ತು, ಹಾಲು ಇಳಿಸುತ್ತಿರಲಿಲ್ಲ. ಲಕ್ಕಣ್ಣ ಹತ್ತಿರ ಬಂದರೂ ಒದೆಯುತ್ತಿತ್ತು. ಹೆಂಡತಿ ಗೌರಮ್ಮ ಕೈಯಲ್ಲೇ ಕರೆಯತೊಡಗಿದಳು. ಹೊಸ ವೈರು ಹಾಕಿಸಿದ ಲಕ್ಕಣ್ಣ, ಹಳೆಯದರ ಸುದ್ದಿ ಎತ್ತಲಿಲ್ಲ.

ದನದ ಡಾಕ್ಟರು ಸಿದ್ದಲಿಂಗ ಬಾಗಲಕೋಟೆ ಕಡೆಯವರು. "ಹೊಡೀಬ್ಯಾಡ್ರಿ," ಎಂದರು. "ದಿನಾ ಮೋಟರ್ ದೂರ ಇಟ್ಟು ಚಾಲೂ ಮಾಡ್ರಿ, ಮುಂದ ಬೂಸಾ ಇಡ್ರಿ. ಸಪ್ಪಳ ಬಂದ್ರೂ ಏನೂ ಆಗಂಗಿಲ್ಲ ಅಂತ ಅದಕ್ಕ ತಿಳೀಲಿ."

ಗೌರಮ್ಮ ಹಾಗೇ ಮಾಡಿದಳು. ಮೋಟರು ದಿನಕ್ಕೊಂದು ಗೇಣು ಹತ್ತಿರ ಬಂತು. ಐದನೇ ವಾರ ಮಲ್ಲಿ ಮೆಲುಕು ಹಾಕುತ್ತಲೇ ಹಾಲು ಬಿಟ್ಟಿತು.

ಅಷ್ಟರಲ್ಲಿ ತಣಿಸಂದ್ರದಲ್ಲಿ ಅವರ ಕೊಟ್ಟಿಗೆಯಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಕೆಲಸ ಶುರುವಾಯಿತು. ಹಸುವನ್ನು ಅಲ್ಲಾಳಸಂದ್ರದ ಶೆಡ್ಡಿಗೆ ಸಾಗಿಸಿದರು. ಮೊದಲ ದಿನ ಮೋಟರು ಹಾಕುತ್ತಲೇ ಮಲ್ಲಿ ಹಗ್ಗ ಕಿತ್ತುಕೊಂಡು ಗೋಡೆಗೆ ಗುದ್ದಿ ಮೊಣಕಾಲು ಸೀಳಿಕೊಂಡಿತು.

"ಮರ್ತೋಗಿತ್ತಲ್ಲ ಸಾರ್?" ಗೌರಮ್ಮ ಕೇಳಿದಳು.

ಗಾಯಕ್ಕೆ ಮುಲಾಮು ಹಚ್ಚುತ್ತಿದ್ದ ಡಾಕ್ಟರು ತಲೆಯಾಡಿಸಿದರು. "ಮರೆತಿರ್ಲಿಲ್ಲವ್ವಾ. ಹಳೇ ಹೆದರಿಕಿ ತಲ್ಯಾಗ ಹಂಗ ಇರ್ತೈತಿ. ಹೆದರೂದು ಬ್ಯಾಡ ಅನ್ನೂದನ್ನ ಬ್ಯಾರೆ ಕಲೀತೈತಿ. ಜಾಗಾ ಬದಲಾತಂದ್ರ ಹಳೇದ ಮೊದಲು ನೆನಪಿಗೆ ಬರ್ತೈತಿ. ಇಲ್ಲೂ ಮೊದಲಿಂದ ಕಲಿಸ್ಬೇಕು."

ಅವರು ಹೋದ ಮೇಲೆ ಗೌರಮ್ಮ ಗಂಡನತ್ತ ತಿರುಗಿದಳು. "ಮೋಟ್ರಿಗೆ ಎದ್ರುತ್ತೆ, ಸರಿ. ನಿನ್ ಕಂಡ್ರೂ ಯಾಕಿಂಗಾಡ್ತದೆ?"

ಲಕ್ಕಣ್ಣ ಗೋಡೆಗೊರಗಿ ಕೂತ. "ವೈರು ಸವ್ದಿದ್ದು ನಂಗೊತ್ತಿತ್ತು ಕಣೆ. ಭಾನ್ವಾರ ಮಾಡಾನ ಅಂತ ಬಿಟ್ಟಿದ್ದೆ."

ಅವಳು ಮಲ್ಲಿಯ ಹಗ್ಗವನ್ನು ಬಿಗಿದು ಕಟ್ಟಿದಳು. ಆಮೇಲೆ ಅಂದಳು: "ಗುರ್ವಾರ ಸಂಜೆ ಆ ಮೆಸೀನ್ ಇಡ್ದಿದ್ದು ನಾನು. ಬರಿಗಾಲಲ್ಲಿ."

ಅವನು ಅವಳ ಪಾದಗಳನ್ನು ನೋಡಿದ.

ಮರುದಿನದಿಂದ ಅವಳು ಮತ್ತೆ ಮೋಟರನ್ನು ದೂರ ಇಟ್ಟಳು. ಬೂಸಾ ಬುಟ್ಟಿಯನ್ನು ಮಾತ್ರ ಅವನ ಕೈಗೇ ಕೊಟ್ಟಳು. ಈ ಸಲ ಎರಡು ತಿಂಗಳು ಹಿಡಿಯಿತು. ಮಲ್ಲಿ ಈಗ ಮೋಟರಿಗೆ ಹಾಲು ಬಿಡುತ್ತದೆ. ಲಕ್ಕಣ್ಣ ಬುಟ್ಟಿ ಇಟ್ಟರೆ ತಿನ್ನುತ್ತದೆ, ಕಿವಿ ನಿಮಿರಿಸಿ, ಅವನ ಕೈಗಳನ್ನೇ ನೋಡುತ್ತಾ. ಮೈ ಮುಟ್ಟಲು ಬಿಡುವುದಿಲ್ಲ. ಅವನು ಬುಟ್ಟಿ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು, ಅದು ತಿಂದು ಮುಗಿಸುವವರೆಗೂ ಅಲ್ಲಾಡದೆ ನಿಲ್ಲುತ್ತಾನೆ.